ಬಿಡುವುದನ್ನು ಕಲಿಸಿದ ಅಕ್ಕೋರು

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಏನು ಹೇಳಲಿಕ್ಕೆ ಹೊರಟರೂ ಅದೇ ನಡುವೆ ಬಂದು ಕೂರುತ್ತದೆ. ಕಿವಿ ನನ್ನ ಗಂಡನದು, ಹಣೆ ಘಾಟ್ಕೋಪರದ ಬೀಗಿತ್ತಿಯದು, ಆಕಳಿಸುವುದು ಮಾತ್ರ ಯಾರ ಹಾಗೂ ಅಲ್ಲ, ಅದು ಅವಳದೇ. ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿದೆವು, ಲಿಫ್ಟ್ ರಿಪೇರಿಗೆ ಬಂದವನಿಗೂ ಬಿಡಲಿಲ್ಲ. ಎಲ್ಲ ಮುಗಿಸಿ ಒಂದು ಗಳಿಗೆ ಕೂತಾಗ, ಕೆಳಗಿನ ಮನೆಯ ಅಕ್ಕೋರು ಇರಬೇಕಿತ್ತು ಎಂದುಕೊಂಡೆ. ಮಗು ಹುಟ್ಟುವ ಮೊದಲೇ ಅವರು ಹೋಗಿಬಿಟ್ಟರು. ಸಣ್ಣ ಜ್ವರ ಎಂದು ಮಲಗಿದವರು ಏಳಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ತನ್ನ ಬಗ್ಗೆ ನಾಲ್ಕು ಮಾತು ಆಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಕೈಮುಗಿದರೆ ಇನ್ನೂ ಸಿಟ್ಟು. ಧಾರವಾಡದ ಕಡೆಯವರು. ಮುಂಬಯಿಯ ಒಂದು ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಕೈಕಾಲು ಬಿದ್ದವರಿಗೆ, ಸೊಂಟ ಹಿಡಿದವರಿಗೆ, ಬಾಣಂತಿಯರಿಗೆ ವ್ಯಾಯಾಮ ಮಾಡಿಸುವ ಕೆಲಸದಲ್ಲಿದ್ದು ರಿಟೈರ್ ಆದವರು. ಆಂಟಾಪ್ ಹಿಲ್‌ನಲ್ಲಿ ನಾವಿರುವ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಹೋಗಿ ತುಂಬ ವರ್ಷ ಆಗಿತ್ತು. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದಾಗ ಅಲ್ಲಿ ಸಿಮೆಂಟು ಹೊರಲು ಬಂದ ಅವರ ಸೀಮೆಯ ಹೆಂಗಸರು ಅವರನ್ನು ಅಕ್ಕೋರ ಎಂದು ಕರೆದರು. ಆ ಕಡೆ ಟೀಚರಮ್ಮನಿಗೆ ಹಾಗೆ ಹೇಳುವುದಂತೆ. ನಾವು ತುಳುನಾಡಿನವರೂ ಅದನ್ನೇ ಹಿಡಿದುಕೊಂಡೆವು.

ಆ ಹೆಂಗಸರು ಅವರಿಗೆ ಹೇಗೆ ಪರಿಚಯ ಆದರು ಎನ್ನುವುದೂ ಹೇಳಬೇಕು. ಅಕ್ಕೋರ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಸೈಟಿನ ಹೆಂಗಸರು, ಮೀನಿನವಳು, ಮನೆಗೆಲಸಕ್ಕೆ ಬರುವವರು, ಯಾರಿಗೆ ಅರ್ಜೆಂಟ್ ಆದರೂ ಸೀದಾ ಒಳಗೆ ಹೋಗಿ ಅವರ ಸಂಡಾಸು ಉಪಯೋಗಿಸಬಹುದು. ಕೇಳುವುದೂ ಬೇಡ. ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು ಇದಕ್ಕೆ ಆಕ್ಷೇಪ ತೆಗೆದರು. ಬಿಲ್ಡಿಂಗಿಗೆ ಯಾರು ಯಾರೋ ಬರುತ್ತಾರೆ ಎಂದು. ಅಕ್ಕೋರು ಎದ್ದು ನಿಂತು, ನೀವು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಏಳರ ತನಕ ಸಂಡಾಸಿಗೆ ಹೋಗದೆ ಇದ್ದು ತೋರಿಸಿ, ಆಮೇಲೆ ಬಾಗಿಲು ಹಾಕುತ್ತೇನೆ ಎಂದರು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಎತ್ತರದ ಹೆಂಗಸು. ಕೈಗಡಿಯಾರ ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಚಾ ಬಸಿಗೆ ಹಾಕಿಯೇ ಕುಡಿಯಬೇಕು. ಮೆಟ್ಟಿಲಿನ ಸದ್ದು ಕೇಳಿ, ಎರಡನೇ ಮಾಳಿಗೆಯವರಿಗೆ ಎಡಮೊಣಕಾಲು ನೋವು ಶುರುವಾಗಿದೆ ಎನ್ನುತ್ತಿದ್ದರು. ಮೈಯ ಯಾವ ಭಾಗದ ಹೆಸರನ್ನಾದರೂ ತುಂಬುದನಿಯಲ್ಲಿ ಹೇಳುತ್ತಿದ್ದರು, ತರಕಾರಿ ಹೆಸರು ಹೇಳಿದ ಹಾಗೆ. ನಾವು ಸೆರಗಿನಿಂದ ಬಾಯಿ ಮುಚ್ಚಿಕೊಂಡರೆ, ಮೂಗು ಅಂದರೆ ನಾಚಿಕೆ ಇಲ್ಲ, ಇದಕ್ಕೆ ಯಾಕೆ ಎಂದು ಕೇಳುವರು. ‘ಮೈ ಅನ್ನೂದು ಕಳವಿನ ಮಾಲಲ್ಲ, ಮುಚ್ಚಿಟ್ಟು ಮಾತಾಡಾಕ’ ಎನ್ನುವುದು ಅವರ ಮಾತು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈಗ ಬರೆಯಲಿಕ್ಕೆ ಹೊರಟ ಸಂಗತಿ ನಮ್ಮಲ್ಲಿ ಹೆಂಗಸರು ಹೆಂಗಸರ ಹತ್ತಿರವೂ ಬಾಯಿಬಿಟ್ಟು ಹೇಳುವುದಲ್ಲ. ಮಗಳನ್ನು ಕೇಳಿದೆ, ನೀನು ಬರಿ, ಅಮ್ಮ ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ನಮ್ಮ ಬಿಲ್ಡಿಂಗಿನ ಹೆಂಗಸರದ್ದು ಭಜನೆ ಉಂಟು, ನಮ್ಮ ಮನೆಯ ಹಾಲ್‌ನಲ್ಲಿಯೇ. ಅಕ್ಕೋರಿಗೆ ಹಾಡು ಬಾರದು. ನನ್ನ ಗಂಟಲು ಬೈಯಲಿಕ್ಕೆ ಮಾತ್ರ ಎನ್ನುತ್ತಿದ್ದರು. ಆದರೆ ಪ್ರಸಾದದ ಅವಲಕ್ಕಿ ಅಂದರೆ ಪ್ರಾಣ, ಅದಕ್ಕೋಸ್ಕರ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಒಂದು ಶನಿವಾರ ನನಗೆ ಜೋರು ಕೆಮ್ಮು. ಕೆಮ್ಮು ಬರುವ ಮೊದಲು ನಾನು ಕಾಲಿನ ಮೇಲೆ ಕಾಲು ಹಾಕಿ ಬಿಗಿ ಹಿಡಿದೆ. ನನ್ನ ಪಕ್ಕದಲ್ಲಿ ತಾಳ ಹಾಕುವ ಸುಮತಿಯಕ್ಕ ಸೀನು ಬಂತೆಂದು ಅದನ್ನೇ ಮಾಡಿದಳು. ಇನ್ನೊಬ್ಬಳು ಮೆಲ್ಲನೆ ಎದ್ದು ಒಳಗೆ ಹೋದಳು. ಮಂಗಳಾರತಿ ಆದ ಮೇಲೆ ಅಕ್ಕೋರು, ಕೆಮ್ಮುವ ಮೊದಲು ನೀವೆಲ್ಲ ಕಾಲು ಯಾಕೆ ಕತ್ತರಿ ಹಾಕುತ್ತೀರಿ ಎಂದು ಎಲ್ಲರ ಎದುರು ಕೇಳಿದರು.

 ಎರಡು ಮೂರು ಹೆತ್ತವರಿಗೆ ಕೆಮ್ಮಿದರೆ ನಾಲ್ಕು ಹನಿ ಹೋಗುವುದು ಇದ್ದದ್ದೇ ಎಂದು ನಾವು ತಿಳಿದುಕೊಂಡಿದ್ದೆವು. ಒಳಲಂಗ ಒದ್ದೆ ಆದರೆ ಬದಲಾಯಿಸುವುದು, ಅಷ್ಟೆ. ಅಕ್ಕೋರು ಅವಲಕ್ಕಿ ತಟ್ಟೆ ಕೆಳಗಿಟ್ಟು ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ತೋರಿಸಿದರು. ಮುಂದಿನ ಎಲುಬಿನಿಂದ ಹಿಂದೆ ಬಾಲದ ಎಲುಬಿನ ತನಕ ಒಳಗೆ ಮಾಂಸದ ಒಂದು ಜೋಳಿಗೆ ಕಟ್ಟಿದೆ, ಉಚ್ಚೆಯ ಚೀಲ, ಗರ್ಭದ ಚೀಲ ಎಲ್ಲ ಅದರ ಮೇಲೆ ಕೂತಿವೆ, ಹೆತ್ತು ಹೆತ್ತು ಜೋಳಿಗೆ ಸಡಿಲ ಆಗುತ್ತದೆ ಎಂದರು. ಬರುವ ಉಚ್ಚೆಯನ್ನು ತಡೆಯುವಾಗ ಒಳಗೆ ಎಳೆದುಕೊಳ್ಳುತ್ತೀರಲ್ಲ, ಆ ಜಾಗ. ಅದನ್ನು ಬಿಗಿಹಿಡಿದು ಬಲ ಬರಿಸಬೇಕು. ಮುಷ್ಟಿ ಕಟ್ಟಿ ತೋರಿಸಿದರು, ಹೀಗೆ ಎಂದು. ಆಮೇಲೆ ಏನೂ ಆಗಲಿಲ್ಲವೆನ್ನುವ ಹಾಗೆ ಅವಲಕ್ಕಿ ತಟ್ಟೆ ಎತ್ತಿಕೊಂಡು ಇನ್ನೊಂದು ಮಾತು ಸೇರಿಸಿದರು. ‘ಆ ಜೋಳಿಗಿ ಗಟ್ಟಿ ಇದ್ರ ಗಂಡಾ ಹೆಂಡತಿ ಕೂಡಿದಾಗ ಸುಖಾನೂ ಹೆಚ್ಚು. ಬರೇ ಗಂಡಂದಲ್ಲವಾ, ನಿಮ್ಮದೂ.’

ನಿಮ್ಮದೂ ಎಂದದ್ದು ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮದು ಅಂತ ಒಂದು ಉಂಟು ಎಂದು ಅಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಈಗ ನಮ್ಮ ಬುದ್ಧಿ ನೋಡಿ. ಮರುದಿನದಿಂದ ಮಾಡಲಿಕ್ಕೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ಸುಮತಿಯಕ್ಕ ಒಂದು ದಾರಿ ಹುಡುಕಿದಳು. ಭಜನೆಯಲ್ಲಿ ತಾಳ ಬಿದ್ದಾಗಲೆಲ್ಲ ಒಮ್ಮೆ ಬಿಗಿ ಹಿಡಿಯುವುದು. ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ದೇವರ ಕೆಲಸವೂ ಆಯಿತು, ಮೈಯ ಕೆಲಸವೂ ಆಯಿತು. ನಾವು ಹಾಡು ನಿಧಾನಕ್ಕೆ ಶುರುಮಾಡಿ ಕೊನೆಗೆ ಜೋರು ಮಾಡುವವರು. ತಾಳ ಜೋರಾದ ಹಾಗೆ ಬಿಗಿಯೂ ಜೋರು. ಅಕ್ಕೋರು ಗೋಡೆಗೆ ಒರಗಿ ತಿನ್ನುತ್ತಿದ್ದರು, ಅವರಿಗೆ ಇದು ತಿಳಿಯಲಿಲ್ಲ. ನನಗಂತೂ ಕೆಲವು ತಿಂಗಳಲ್ಲಿ ಕೆಮ್ಮಿನ ಹೆದರಿಕೆ ಹೋಯಿತು. ಸುಮತಿಯಕ್ಕ ಇನ್ನೂ ಮುಂದೆ ಹೋದಳು. ನಮ್ಮವರು ಈಗ ರಾತ್ರಿ ನ್ಯೂಸ್ ಪೂರ್ತಿ ನೋಡುವುದಿಲ್ಲ ಮಾರಾಯ್ತಿ ಎಂದು ನನ್ನ ಕಿವಿಯಲ್ಲಿ ಹೇಳಿ, ತಾನೇ ನಕ್ಕು ತಾಳ ತಪ್ಪಿಸಿದಳು.

ನನ್ನ ಮಗಳು ನಮಿತಾ ಮದುವೆಗೆ ಮೊದಲು ಆ ಭಜನೆಯಲ್ಲಿ ಕೂರುತ್ತಿದ್ದಳು. ಹೆಂಗಸರ ಮಾತು ಅವಳ ಕಿವಿಗೂ ಬಿದ್ದಿರಬೇಕು. ಮದುವೆಯಾಗಿ ಘಾಟ್ಕೋಪರಕ್ಕೆ ಹೋದಳು. ಅಳಿಯನಿಗೆ ಸ್ಟೇಶನ್ ಹತ್ತಿರ ಮೊಬೈಲ್ ಅಂಗಡಿ. ಜೋರು ಮಾತಿಲ್ಲದ ಹುಡುಗ, ಸಿಟ್ಟು ಬಂದರೆ ಹೊರಗೆ ಹೋಗಿ ಒಂದು ಸುತ್ತು ನಡೆದು ಬರುತ್ತಾನೆ. ನಾವು ನಿಶ್ಚಿಂತೆಯಿಂದ ಇದ್ದೆವು.

ಮದುವೆಯಾಗಿ ವರ್ಷ ಕಳೆದ ಮೇಲೆ ಒಂದು ಭಾನುವಾರ ಅವಳು ದೊಡ್ಡ ಬ್ಯಾಗು ಹಿಡಿದು ಬಂದಳು. ನಾಲ್ಕು ದಿನ ಇರುತ್ತೇನೆ ಎಂದಳು, ಹತ್ತು ದಿನವಾದರೂ ಹೊರಡಲಿಲ್ಲ. ಆಫೀಸಿಗೆ ಇಲ್ಲಿಂದಲೇ ಹೋಗುತ್ತಿದ್ದಳು. ಅಳಿಯ ಬಂದ, ಸೋಫಾದ ತುದಿಯಲ್ಲಿ ಕೂತ, ಚಾ ಕುಡಿದು ಹೋದ. ಬಾ ಎಂದು ಕರೆಯಲಿಲ್ಲ, ಅವಳೂ ಹೊರಡಲಿಲ್ಲ. ಜಗಳವೂ ಇಲ್ಲ. ಜಗಳ ಇದ್ದರೆ ನಮಗೆ ಮದ್ದು ಗೊತ್ತು, ಇದಕ್ಕೆ ಏನು ಮಾಡುವುದು? ಸೊಪ್ಪು ಬಿಡಿಸಲಿಕ್ಕೆ ಕೂತಾಗ ಮೆಲ್ಲನೆ ಕೇಳಿದೆ. ತಲೆ ತಗ್ಗಿಸಿಯೇ ಹೇಳಿದಳು. ಗಂಡ ಹತ್ತಿರ ಬಂದಾಗ ಒಳಗೆ ಗೋಡೆ ಎದ್ದ ಹಾಗೆ ಆಗುತ್ತದಂತೆ. ಚಾಕು ಹಾಕಿದ ಹಾಗೆ ನೋವಂತೆ. ಅವನು ನಿಲ್ಲಿಸಿಬಿಡುತ್ತಾನಂತೆ. ಒಮ್ಮೆಯೂ ಆಗಿಲ್ಲವಂತೆ. ಡಾಕ್ಟರಮ್ಮನ ಹತ್ತಿರ ಹೋಗಿದ್ದಳು, ಒಳಗೆ ಕಾಯಿಲೆ ಏನೂ ಇಲ್ಲ, ಮಾಂಸ ಬಿಗಿದುಕೊಂಡಿದೆ, ವ್ಯಾಯಾಮದವರ ಹತ್ತಿರ ಹೋಗು ಎಂದಿದ್ದರು. ನಾಚಿಕೆಯಾಗಿ ಹೋಗಲಿಲ್ಲ, ವ್ಯಾಯಾಮ ತನಗೆ ಗೊತ್ತುಂಟಲ್ಲ ಎಂದು ಮನೆಯಲ್ಲೇ ಮಾಡುತ್ತಿದ್ದಳು. ಮಾಡಿದಷ್ಟೂ ನೋವು ಹೆಚ್ಚೇ ಆಯಿತು.

‘ಅವರು ಒಳ್ಳೆಯವರಮ್ಮ’ ಎಂದಳು. ‘ಅದಕ್ಕೇ ಬಿಟ್ಟುಬಿಡುವಾ ಅಂತ. ಬೇರೆ ಮದುವೆ ಆಗಲಿ.’

ಇಷ್ಟು ಹೇಳಿ ಸೊಪ್ಪಿನ ದಂಟು ಮುರಿಯುತ್ತಾ ಕೂತಳು.  ಅವಳ ಅಪ್ಪನಿಗೆ ಹೇಳುವುದೋ, ಬೀಗಿತ್ತಿಗೆ ಹೇಳುವುದೋ, ಹೇಳಿದರೆ ಏನೆಂದು ಹೇಳುವುದು? ಕೊನೆಗೆ ಅವಳ ಕೈಹಿಡಿದು ಕೆಳಗಿನ ಮನೆಗೆ ಕರೆದುಕೊಂಡು ಹೋದೆ. ಅವಳು ಬರುವುದಿಲ್ಲ ಎನ್ನಲಿಲ್ಲ.

ಅಕ್ಕೋರು ಅವಳನ್ನು ಅಡುಗೆಮನೆಯ ಸಣ್ಣ ಮಣೆಯ ಮೇಲೆ ಕೂರಿಸಿ ತಾವು ಎದುರು ನೆಲದ ಮೇಲೆ ಕೂತರು. ಎಲ್ಲ ಕೇಳಿದರು. ಎಷ್ಟು ನೋವು, ಎಲ್ಲಿ, ಯಾವಾಗಿನಿಂದ. ವ್ಯಾಯಾಮ ಮಾಡುತ್ತೇನೆ ಎಂದಿಯಲ್ಲ, ಹೇಗೆ ಮಾಡುತ್ತಿ, ಕೈಯಲ್ಲಿ ಮಾಡಿ ತೋರಿಸು ಎಂದರು. ನಮಿತಾ ಮುಷ್ಟಿ ಕಟ್ಟಿದಳು. ಕಟ್ಟಿದ ಮುಷ್ಟಿಯನ್ನು ಇನ್ನೊಮ್ಮೆ ಬಿಗಿ ಮಾಡಿದಳು. ಮತ್ತೊಮ್ಮೆ. ಲೋಕಲ್‌ನಲ್ಲಿ ಹೋಗುವಾಗ, ಬರುವಾಗ, ಮಲಗುವ ಮೊದಲು, ಭಜನೆಯ ತಾಳ ಮನಸ್ಸಿನಲ್ಲೇ ಹಾಕಿಕೊಂಡು ಹೀಗೆ ಮಾಡುತ್ತಾಳಂತೆ. ಬೆರಳಿನ ಗಂಟು ಬೆಳ್ಳಗಾಯಿತು.

ಅಕ್ಕೋರು ಆ ಮುಷ್ಟಿಯ ಮೇಲೆ ಬೆರಳಿಟ್ಟು ಕೇಳಿದರು. ‘ಬಿಡೂದು ಯಾವಾಗ, ಯವ್ವಾ?’

‘ಬಿಡೋದಾ?’ ಎಂದಳು ನನ್ನ ಮಗಳು. ‘ವೋ ತೋ ಪತಾ ನಹೀ ಥಾ. ಬಿಡಬೇಕು ಅಂತ ಯಾರೂ ಹೇಳಿಲ್ಲ.’

ಅಕ್ಕೋರು ನನ್ನ ಕಡೆ ತಿರುಗಿ ನೀವೆಲ್ಲ ಹೇಗೆ ಮಾಡುತ್ತಿದ್ದೀರಿ ಎಂದು ಕೇಳಿದರು. ನಾನು ತಾಳದ ವಿಷಯ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರಸಿದರು, ಒರಸಿದ್ದನ್ನೇ ಒರಸಿದರು. ‘ತಪ್ಪು ನಂದೈತಿ ಅಕ್ಕಾ. ಹಿಡಿಯೂದು ಹೇಳಿ ಅವಲಕ್ಕಿ ತಿಂದು ಎದ್ದು ಬಂದೆ. ಬಿಡೂದು ಹೇಳಲಿಲ್ಲ.’

ಆಮೇಲೆ ನಮಿತಾಳ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿದರು. ಸಣ್ಣವಳಿದ್ದಾಗ ಸಂಡಾಸಿಗೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದರು. ಈ ಬಿಲ್ಡಿಂಗಿಗೆ ಬರುವ ಮೊದಲು ನಾವಿದ್ದದ್ದು, ಅವಳು ಹುಟ್ಟಿ ಬೆಳೆದದ್ದು ಕುರ್ಲಾದ ಚಾಳಿನಲ್ಲಿ. ಇಡೀ ಮಾಳಿಗೆಗೆ ಸಂಡಾಸು ಆ ತುದಿಯಲ್ಲಿ. ಬೆಳಿಗ್ಗೆ ಉದ್ದ ಸಾಲು, ಹಗಲು ನೀರಿಲ್ಲ, ಕತ್ತಲಾದರೆ ಹೆಣ್ಣುಮಕ್ಕಳು ಒಬ್ಬರೇ ಹೋಗುವ ಹಾಗಿಲ್ಲ. ಸ್ವಲ್ಪ ತಡೆದುಕೋ ಎನ್ನುವುದು ಆ ಚಾಳಿನ ತಾಯಂದಿರೆಲ್ಲರ ಬಾಯಲ್ಲಿ ಬರುತ್ತಿದ್ದ ಮಾತು. ಶಾಲೆಯಲ್ಲಿಯೂ ತಡೆದಳು, ಕಾಲೇಜಿನಲ್ಲಿಯೂ ತಡೆದಳು. ಈಗ ಆಫೀಸಿನಲ್ಲಿ ಚಂದದ ಟಾಯ್ಲೆಟ್ ಉಂಟು, ಆದರೂ ಮನೆಗೆ ಬಂದೇ ಹೋಗುವುದು. ಅಕ್ಕೋರು ಎಲ್ಲ ಕೇಳಿ ತಲೆಯಾಡಿಸಿದರು. ನಿನಗೆ ಇನ್ನೂ ಬಿಗಿ ಮಾಡುವುದು ಬೇಡವೇ ಬೇಡ, ಇಷ್ಟು ವರ್ಷ ಕಾವಲು ಕಾದ ಸಿಪಾಯಿ ಅದು, ಅದಕ್ಕೆ ಮನೆಯವರು ಬಂದರೂ ಕಳ್ಳರು ಬಂದರೂ ಒಂದೇ, ಬಾಗಿಲು ಹಾಕುತ್ತದೆ ಎಂದರು. ನೀನು ಕೆಟ್ಟಿಲ್ಲ, ತಡೆ ಎಂದದ್ದನ್ನು ನಿನ್ನ ಮೈ ಕೇಳಿದೆ ಅಷ್ಟೇ ಎಂದರು. ಆ ಮಾತಿಗೆ ನನ್ನ ಮಗಳು ಅತ್ತಳು. ವರ್ಷದಿಂದ ಹಿಡಿದಿಟ್ಟುಕೊಂಡ ಅಳು ಅದು.

ಒಳಗಿನ ಪರೀಕ್ಷೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಎಂದು ಆಸ್ಪತ್ರೆಯಲ್ಲಿ ತಮ್ಮ ಜೊತೆ ಕೆಲಸ ಮಾಡಿದ ಒಬ್ಬಳ ಹತ್ತಿರ ತಾವೇ ಕರೆದುಕೊಂಡು ಹೋದರು. ಉಳಿದದ್ದು ಅವರ ಮನೆಯ ಚಾಪೆಯ ಮೇಲೆ. ಮೊಣಕಾಲಿನ ಅಡಿ ದಿಂಬು ಇಟ್ಟು ಮಲಗುವುದು. ಹೊಟ್ಟೆಯ ತಳದ ತನಕ ಉಸಿರು ಎಳೆದುಕೊಂಡು, ಬಿಸಿ ಚಾ ಊದಿದ ಹಾಗೆ ಮೆಲ್ಲ ಬಿಡುವುದು. ಉಸಿರು ಒಳಗೆ ಬರುವಾಗ ಕೆಳಗಿನ ಜೋಳಿಗೆ ತಾನಾಗಿ ಇಳಿಯುತ್ತದೆ, ಅದನ್ನು ಇಳಿಯಲಿಕ್ಕೆ ಬಿಡುವುದು. ಹಲ್ಲು ಕಚ್ಚಬಾರದು, ಬಾಯಿ ಸಡಿಲ ಇದ್ದರೆ ಕೆಳಗೂ ಸಡಿಲ ಎನ್ನುವರು. ನಾನೂ ಪಕ್ಕದಲ್ಲಿ ಮಲಗಿ ಮಾಡಿದೆ, ನಿದ್ದೆ ಬಂದುಬಿಟ್ಟಿತು. ಗೊರಕೆ ಕೇಳಿ ಇಬ್ಬರೂ ನಕ್ಕರಂತೆ.

ಭಾನುವಾರ ಅಳಿಯ ಬಂದಾಗ ಅವನನ್ನೂ ಕೆಳಗೆ ಕರೆಸಿದರು. ಅವನು ಪರೀಕ್ಷೆಗೆ ಕೂತವನ ಹಾಗೆ ಕೂತ. ನಾನು ಎದ್ದು ಹೋಗಲಿಕ್ಕೆ ನೋಡಿದೆ, ನೀನೂ ಕೂರು ಎಂದರು. ಅವನಿಗೂ ಬೊಗಸೆ ಮಾಡಿ ಜೋಳಿಗೆ ತೋರಿಸಿ, ಇದು ನಿನ್ನ ಮೇಲಿನ ಬೇಜಾರಲ್ಲ, ಅವಳ ಮನಸ್ಸು ಬೇಕೆಂದರೂ ಮೈ ಹೆದರುತ್ತದೆ ಎಂದು ತಿಳಿಸಿ ಹೇಳಿದರು. ಆಮೇಲೆ ಅವರು ಹಾಕಿದ ಕಟ್ಟಳೆ ಕೇಳಿ ನನಗೇ ಆಶ್ಚರ್ಯ. ಈಗ ಆ ಕೆಲಸಕ್ಕೆ ಪೂರಾ ರಜೆ. ಜೊತೆಗೆ ಮಲಗಿ, ಬೆನ್ನ ಮೇಲೆ ಕೈ ಇಡಿ, ಒಟ್ಟಿಗೆ ಉಸಿರಾಡಿ, ಮಾತಾಡಿ, ಅದಕ್ಕಿಂತ ಮುಂದೆ ಇಲ್ಲ. ಎಷ್ಟು ದಿನ ಎಂದು ಅವನು ಕೇಳಿದ.

‘ಆಕಿ ಹೂಂ ಅನ್ನೂ ತನಕ ಅಲ್ಲ, ತಮ್ಮಾ’ ಎಂದರು ಅಕ್ಕೋರು. ‘ಹೂಂ ಅಂತ ಹೆಣ್ಣಮಕ್ಕಳು ಎಲ್ಲಾದಕ್ಕೂ ಅಂತಾರ. ಆಕಿ ತಾನಾಗಿ ಬಾ ಅನ್ನೂ ತನಕ.’

ಅವನ ಮುಖ ಸಪ್ಪಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ತಲೆಮೇಲಿನ ಮೂಟೆ ಇಳಿಸಿದವನ ಹಾಗೆ ಕಂಡ. ತನ್ನಿಂದ ಅವಳಿಗೆ ನೋವಾಗುತ್ತದೆ ಎಂದು ಅವನೂ ಹೆದರಿಕೊಂಡೇ ಇದ್ದ. ಆ ದಿನ ನಮ್ಮ ಮನೆಯಲ್ಲಿ ಕೇಳಿ ಕೇಳಿ ನೀರುದೋಸೆ ತಿಂದ. ಸಂಜೆ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಘಾಟ್ಕೋಪರಕ್ಕೆ ಹೊರಟರು. ಬ್ಯಾಗು ಅವನೇ ಹಿಡಿದುಕೊಂಡಿದ್ದ.

ನಮ್ಮ ಭಜನೆಯೂ ರಿಪೇರಿಯಾಯಿತು. ಮುಂದಿನ ಶನಿವಾರ ಅಕ್ಕೋರು ಗೋಡೆ ಬಿಟ್ಟು ನಡುವೆ ಬಂದು ಕೂತರು. ಒಂದು ಸಾಲಿಗೆ ಬಿಗಿ, ಮುಂದಿನ ಎರಡು ಸಾಲಿಗೆ ಬಿಡು. ಬಿಡುವುದು ಯಾವಾಗಲೂ ಜಾಸ್ತಿ ಇರಬೇಕು. ಹಾಗೆ ಮಾಡಿದರೆ ತಾಳ ತಪ್ಪುತ್ತದೆ ಎಂದು ಸುಮತಿಯಕ್ಕ ಗೊಣಗಿದಳು. ತಪ್ಪಲಿ, ದೇವರು ಆಡಿಟರ್ ಅಲ್ಲ ಎಂದರು. ಅವತ್ತಿನಿಂದ ನಮ್ಮ ಹಾಡು ಕೊನೆಯ ತನಕ ನಿಧಾನ. ಬೇರೆ ಮಂಡಳಿಯವರು ನಗುತ್ತಾರೆ, ನಗಲಿ.

ನಮಿತಾಳದ್ದು ಬೇಗ ಗುಣವಾಗಲಿಲ್ಲ. ಚಿತ್ರದಲ್ಲಿ ಆದ ಹಾಗೆ ಎಲ್ಲಿ ಆಗುತ್ತದೆ? ಕೆಲವು ಸಲ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದಳು, ಏನೂ ಆಗಿಲ್ಲ ಎನ್ನುತ್ತಿದ್ದಳು. ಆಫೀಸಿನಲ್ಲಿ ಟಾಯ್ಲೆಟ್‌ಗೆ ಹೋದೆಯಾ ಎಂದು ಅಕ್ಕೋರು ಕೇಳುವರು. ಹೋದೆ ಎನ್ನುವಳು. ಅದು ಆಯಿತಲ್ಲ, ಏನೂ ಆಗಿಲ್ಲ ಅನ್ನುತ್ತಿ ಎಂದು ಬಸಿಯಲ್ಲಿ ಚಾ ಕೊಡುವರು. ಆಮೇಲೆ ಅವಳು ಬರುವುದು ಕಡಿಮೆಯಾಯಿತು. ನಾನು ಕೇಳಲಿಲ್ಲ. ತಾಯಿ ಮಗಳ ನಡುವೆ ಅದನ್ನು ಕೇಳುವ ಮಾತು ನಮ್ಮ ಭಾಷೆಯಲ್ಲಿಯೇ ಇಲ್ಲ ಎಂದುಕೊಂಡು ಸುಮ್ಮನಿದ್ದೆ.

ಒಂದು ದಿನ ಮಧ್ಯಾಹ್ನ ಫೋನ್ ಬಂತು. ಅಮ್ಮ, ನೀನು ಅಜ್ಜಿ ಆಗ್ತಿ ಎಂದಳು. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ, ಕೈಯಲ್ಲಿ ಸಕ್ಕರೆ ಡಬ್ಬಿ, ಕಾಲಿಗೆ ಚಪ್ಪಲಿ ಇಲ್ಲ, ಲಿಫ್ಟಿಗೂ ಕಾಯದೆ ಕೆಳಗೆ ಓಡಿದೆ. ಅಕ್ಕೋರು ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಸುದ್ದಿ ಹೇಳಿ ಅವರ ಬಾಯಿಗೆ ಸಕ್ಕರೆ ಹಾಕಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

‘ಕೂಸಿನ ಸುದ್ದಿ ಛಲೋನ ಐತಿ’ ಎಂದರು. ‘ಕೂಸು ನೋವಿನಾಗೂ ಆಗ್ತಾವ ಅಕ್ಕಾ. ಎಷ್ಟು ಮನ್ಯಾಗ ಹಂಗ ಆಗ್ಯಾವ. ಆಕಿಗೆ ನೋವು ಹೋಗೈತೇನು, ಅದನ್ನ ಹೇಳು.’

ನನಗೆ ಗೊತ್ತಿರಲಿಲ್ಲ. ನನ್ನನ್ನು ಯಾರೂ ಎಂದೂ ಅದು ಕೇಳಿರಲಿಲ್ಲ, ನನ್ನ ಅಮ್ಮನನ್ನು ಅವಳ ಅಮ್ಮ ಕೇಳಿರಲಾರಳು. ಸಕ್ಕರೆ ಅಂಗೈಯಲ್ಲಿ ಅಂಟಲು ಶುರುವಾಯಿತು. ಅಕ್ಕೋರು ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕೆ ಸರಿಸಿ ತಮ್ಮ ಫೋನ್ ನನ್ನ ಕಡೆ ಚಾಚಿದರು. ನಾನು ಆ ಮಂಚದ ಮೇಲೆಯೇ ಕೂತು ಮಗಳಿಗೆ ಫೋನ್ ಮಾಡಿದೆ. ಆಚೆ ರೈಲಿನ ಅನೌನ್ಸ್‌ಮೆಂಟ್ ಕೇಳುತ್ತಿತ್ತು. ಏನಮ್ಮ ಎಂದಳು. ಊಟ ಆಯ್ತಾ ಎಂದೆ, ರೈಲು ಬಂತಾ ಎಂದೆ. ಕೊನೆಗೆ ಕೇಳಿಯೇಬಿಟ್ಟೆ, ‘ಮಗಾ, ಈಗ ನೋವು ಉಂಟಾ?’

ಅವಳಿಗೆ ಅರ್ಥವಾಯಿತು. 

‘ಇಲ್ಲಮ್ಮ’ ಎಂದಳು. ಆಮೇಲೆ ನಕ್ಕಳು. ‘ನೋವು ಹೋಗಿ ಎಷ್ಟೋ ಸಮಯ ಆಯ್ತು. ನನಗೆ ಈಗ ಇಷ್ಟ ಆಗ್ತದೆ, ಅಮ್ಮ.’

ನಾಚಿಕೆ ಆಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಏನಂದಳು ಎಂದು ಅಕ್ಕೋರು ಕೇಳಿದರು. ಅವಳು ಹೇಳಿದ್ದನ್ನು ಹಾಗೆಯೇ ಹೇಳಿದೆ.  ಅವರು ಕಣ್ಣುಮುಚ್ಚಿ, ಮಕ್ಕಳು ತೆರೆಯುವ ಹಾಗೆ ಬಾಯಿ ತೆರೆದರು, ಸಕ್ಕರೆ ಹಾಕು ಎಂದು.